ಏನನ್ನೂ ಕೇಳದ ಪಟ್ಟಿ

‘ಪಟ್ಟಿ’ ಎಂದರೆ ನೆಮ್ಮದಿ ನೆನಪಾಗುವುದು ಕಡಿಮೆ. ಕುಮಟಾ ಮಂಡಿಗೆ ಅಡಿಕೆ ಹಾಕಿದವರಿಗೆ ಅದು ತೂಕ, ದರ ಬರೆದು, ಹಮಾಲಿ ಕಳೆದು, ಕೈಗೆ ಬರುವುದಿಷ್ಟೇ ಎಂದು ಹೇಳುವ ಚೀಟಿ. ಪಂಚಾಯ್ತಿಯ ಫಲಾನುಭವಿಗಳ ಪಟ್ಟಿಯಲ್ಲಿ ನಮ್ಮ ಹೆಸರನ್ನು ಬೆರಳಿಟ್ಟು ಹುಡುಕಬೇಕು. ಮದುವೆಗೆ ಕರೆಯುವವರ ಪಟ್ಟಿಯಲ್ಲಿ ಒಂದು ಮನೆ ಬಿಟ್ಟುಹೋದರೆ ವರ್ಷವಿಡೀ ಮುನಿಸು.

ನಮ್ಮಿಂದ ಏನನ್ನೂ ಕೇಳದ ಪಟ್ಟಿ ಹೋಟೆಲಿನ ದರಪಟ್ಟಿ ಒಂದೇ. ತಲೆಬಿಸಿಯಾದ ದಿನ ಹೆಬಳೆಯಿಂದ ಭಟ್ಕಳ ಪೇಟೆಗೆ ಹೋಗಿ ಸುಮ್ಮನೆ ಅದನ್ನು ಓದುತ್ತ ಕೂರುವುದು ನನ್ನ ರೂಢಿ. ಇಡ್ಲಿ, ಬನ್ಸ್, ಶಿರಾ, ಅವಲಕ್ಕಿ, ಮಿಸಳ್. ತಿಂಡಿಯ ಹೆಸರುಗಳಿಗೆ ಬಳಿದ ಬಣ್ಣ ಹಳೆಯದೇ. ದರದ ಜಾಗದಲ್ಲಿ ಮಾತ್ರ ಚೀಟಿಯ ಮೇಲೆ ಚೀಟಿ ಅಂಟಿಸಿ ಅಂಕಿಗಳು ಉಬ್ಬಿಕೊಂಡಿವೆ. ಇಲ್ಲಿನ ನವಾಯತ ಮುಸ್ಲಿಮರ ಅಡುಗೆ ಸಿಗುವಲ್ಲಿ ‘ಶಾವಿಗೆ ಬಿರಿಯಾನಿ’ ಎಂದು ಕಂಡರೆ, ಅಕ್ಕಿಯ ಜಾಗಕ್ಕೆ ಬಂದ ಶಾವಿಗೆ ಮಸಾಲೆಯಲ್ಲಿ ಮುದ್ದೆಯಾಗದೆ ಉಳಿದದ್ದು ಹೇಗೆಂಬ ಯೋಚನೆಯಲ್ಲೇ ಹೊತ್ತು ಹೋಗುತ್ತದೆ. ಮೀನೂಟದ ಹೋಟೆಲಿನ ಕರಿಹಲಗೆಯಲ್ಲಿ ಬಂಗಡೆ, ಇಸೋಣ, ಶೆಟ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಅಲ್ಲಿ ಒರೆಸಿದ ಸಾಲುಗಳೇ ಹೆಚ್ಚು.

ಈ ಸುಖಕ್ಕೆ ಆಯಸ್ಸು ಕಡಿಮೆ. ‘ಎಂತ ಕೊಡ್ಲಿ?’ ಎಂದು ಸಪ್ಲಾಯರ್ ಬಂದು ನಿಲ್ಲುವವರೆಗೆ ಗೋಡೆಯ ಮೇಲಿನದ್ದೆಲ್ಲ ನಮ್ಮದು. ಬಾಯಿಬಿಟ್ಟ ಕೂಡಲೇ ಒಂದು ಉಳಿದು ಮಿಕ್ಕವೆಲ್ಲ ಕೈತಪ್ಪುತ್ತವೆ. ಅಷ್ಟೆಲ್ಲ ಓದಿ ನಾನು ಹೇಳುವುದು ಬಹುತೇಕ ‘ಒಂದು ಚಾ’.

ಪಟ್ಟಿಯೆಂದರೆ ಉದ್ದನೆಯ ಬಟ್ಟೆಯ ತುಂಡೂ ಹೌದು. ಗಾಯಕ್ಕೆ ಕಟ್ಟುವುದು ಅದನ್ನೇ, ಜ್ವರ ಏರಿದಾಗ ಹಣೆಯ ಮೇಲೆ ಹಾಕುವ ತಣ್ಣೀರು ಪಟ್ಟಿಯೂ ಅದೇ. ಮಂಡಿಯ ಚೀಟಿಗಿಂತ ದರಪಟ್ಟಿಗೆ ಇದರೊಂದಿಗೇ ಹತ್ತಿರದ ನೆಂಟಸ್ತಿಕೆ. ತಣ್ಣೀರು ಪಟ್ಟಿ ಜ್ವರದ ಕಾರಣ ವಿಚಾರಿಸುವುದಿಲ್ಲ. ದರಪಟ್ಟಿಯೂ ತಲೆಬಿಸಿ ಏಕಾಯಿತೆಂದು ಕೇಳುವುದಿಲ್ಲ.

ಈಗ ಕೆಲವು ಕಡೆ ಮೇಜಿನ ಮೇಲೆ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಸ್ಕ್ಯಾನ್ ಮಾಡಿದರೆ ಮೊದಲು ಮೊಬೈಲ್ ನಂಬರ್ ಕೊಡಿ, ಒಟಿಪಿ ಹಾಕಿ ಎನ್ನುತ್ತದೆ. ದೋಸೆಯ ಹೆಸರು ಕಾಣುವುದು ಆಮೇಲೆ. ಅದನ್ನು ಪಟ್ಟಿ ಎನ್ನಲು ನನಗೆ ಮನಸ್ಸಿಲ್ಲ. ಅದು ಅರ್ಜಿ.