ಸೋತ ನಕ್ಷೆಯೊಂದರ ವೃತ್ತಾಂತ

1928ರ ಮಾರ್ಚಿನಲ್ಲಿ ಟೋಕಿಯೋ ವಿಶ್ವವಿದ್ಯಾಲಯದಿಂದ ಪದವೀಧರನಾದ ದಿನದ ರಾತ್ರಿಯೇ ಊರು ಬಿಟ್ಟು, ಸೈಬೀರಿಯಾದ ರೈಲುಮಾರ್ಗವಾಗಿ ಪ್ಯಾರಿಸನ್ನು ಸೇರಿದ ಮಾಯೆಕಾವ ಕುನಿಯೊ ಎಂಬ ತರುಣನು, ಮುಂದೆ ನಮ್ಮ ಚಂಡೀಗಢವನ್ನು ರೂಪಿಸಲಿದ್ದ ಲ ಕಾರ್ಬ್ಯೂಸಿಯೇಯ ಬಳಿ ಎರಡು ವರ್ಷ ನಕ್ಷೆಗಳನ್ನು ಬರೆದು, 1930ರಲ್ಲಿ ಸ್ವದೇಶಕ್ಕೆ ಮರಳಿ, ವಾಸ್ತುಶಿಲ್ಪಿ ಆಂಟೊನಿನ್ ರೇಮಂಡನ ಕಚೇರಿಯನ್ನು ಸೇರಿದನು.

ಟೋಕಿಯೋದ ಉಯೆನೊ ಉದ್ಯಾನದ ರಾಜವಸ್ತುಸಂಗ್ರಹಾಲಯದ ಮುಖ್ಯ ಕಟ್ಟಡವು 1923ರ ಭೂಕಂಪದಲ್ಲಿ ಜಖಂಗೊಂಡಿದ್ದಿತು. ಅದರ ಸ್ಥಾನದಲ್ಲಿ ಏಳಬೇಕಾದ ಸೌಧಕ್ಕಾಗಿ ಆಗ ನಡೆದ ಸ್ಪರ್ಧೆಯು, ಕಟ್ಟಡವು ಜಪಾನೀ ಅಭಿರುಚಿಯನ್ನು ಆಧರಿಸಿದ ಪೌರಸ್ತ್ಯ ಶೈಲಿಯಲ್ಲಿರತಕ್ಕದ್ದೆಂದು ವಿಧಿಸಿತು. ಎಂದರೆ ಕಾಂಕ್ರೀಟಿನ ಗೋಡೆಗಳನ್ನೆಬ್ಬಿಸಿ, ಮರಗೆಲಸದಿಂದ ಹುಟ್ಟಿದ ಹೆಂಚಿನ ಮಾಡನ್ನು ಅವುಗಳ ನೆತ್ತಿಯ ಮೇಲೆ ಕಿರೀಟದಂತೆ ಕೂರಿಸುವುದು. ನವ್ಯಮತದ ಕೆಲವು ವಾಸ್ತುಶಿಲ್ಪಿಗಳು ಸ್ಪರ್ಧೆಯನ್ನೇ ಬಹಿಷ್ಕರಿಸಿದರು. ಮಾಯೆಕಾವನಾದರೋ, ದೂರ ನಿಂತು ದೂಷಿಸುವುದಕ್ಕಿಂತ ಒಳಹೊಕ್ಕು ಸೋಲುವುದೇ ಲೇಸೆಂದು ಬಗೆದವನಂತೆ, ಮಟ್ಟಸವಾದ ಛಾವಣಿಯ, ನಿರಾಭರಣವಾದ ನಕ್ಷೆಯೊಂದನ್ನು ಕಳುಹಿಸಿ, ಸೋತು, ಸೋಲಿನ ಬೆನ್ನಿಗೇ 1931ರಲ್ಲಿ ಪತ್ರಿಕೆಯೊಂದರಲ್ಲಿ ಉಗ್ರವಾದ ಲೇಖನವನ್ನು ಪ್ರಕಟಿಸಿದನು. ಗೆದ್ದ ವತನಾಬೆ ಜಿನ್‌ನ ಸೌಧವು 1937ರಲ್ಲಿ ಪೂರ್ಣಗೊಂಡು ಇಂದಿಗೂ ಗಂಭೀರವಾಗಿ ನಿಂತಿದೆ. ಅದು ಕೆಟ್ಟ ಕಟ್ಟಡವೆಂದು ನಾನು ಹೇಳಲಾರೆ. ಆದರೆ ಆ ವರ್ಷಗಳ ವಾಸ್ತುಚರಿತ್ರೆಯನ್ನು ಬರೆಯುವವರು ಗೆದ್ದ ನಕ್ಷೆಯಷ್ಟೇ ಸೋತ ನಕ್ಷೆಯನ್ನೂ ನೆನೆಯುತ್ತಾರೆ.

ಹಿರೊಸಾಕಿಯಲ್ಲಿ 1932ರಲ್ಲಿ ಕಟ್ಟಿದ ಸಣ್ಣ ಸಂಶೋಧನಾಲಯವೇ ಮಾಯೆಕಾವನ ಪ್ರಥಮ ಕೃತಿ. 1935ರಲ್ಲಿ ಸ್ವಂತ ಕಚೇರಿ ತೆರೆದನು. ಮೂರು ವರ್ಷಗಳ ತರುವಾಯ ತಾಂಗೆ ಕೆಂಜೊ ಎಂಬ ತರುಣ ವಾಸ್ತುಶಿಲ್ಪಿ ಅಲ್ಲಿ ಕೆಲಸಕ್ಕೆ ಬಂದನು.

ಅನಂತರ ಬಂದುದು ಯುದ್ಧ. ಕಬ್ಬಿಣ, ಸಿಮೆಂಟು ಸಾಮಾನ್ಯರಿಗೆ ದುರ್ಲಭವಾಗಿ, ಮನೆಯ ವಿಸ್ತೀರ್ಣವು 100 ಚದರ ಮೀಟರನ್ನು ಮೀರಕೂಡದೆಂಬ ಕಟ್ಟಳೆಯಿದ್ದಾಗ, 1942ರಲ್ಲಿ ಶಿನಾಗಾವದಲ್ಲಿ ತನಗಾಗಿ ಅವನು ಕಟ್ಟಿಕೊಂಡುದು ಮರದ ಮನೆ. ಅದರ ಮೇಲಿದ್ದುದು ಎರಡು ಇಳಕಲಿನ ಹೆಂಚಿನ ಮಾಡು! ರಾಜವಸ್ತುಸಂಗ್ರಹಾಲಯದ ಸ್ಪರ್ಧೆಗೆ ನಿರಾಕರಿಸಿದುದನ್ನು ಅಭಾವಕ್ಕೆ ಒಪ್ಪಿಸಿದನೆಂದು ನಗುವವರು ನಗಲಿ. ಇಲ್ಲಿ ಮಾಡನ್ನು ಹೊತ್ತುದು ಮರವೇ ಹೊರತು ಮರದ ವೇಷ ತೊಟ್ಟ ಕಾಂಕ್ರೀಟಲ್ಲ. ಆ ಮಾಡಿನ ಕೆಳಗೆ, ಮನೆಯ ನಡುವೆ, ಎರಡು ಅಂತಸ್ತುಗಳೆತ್ತರದ ಪಡಸಾಲೆ. ಅದರ ದಕ್ಷಿಣದ ಗೋಡೆಯಲ್ಲಿ ಮರದ ಚೌಕಗಳಿಗೆ ಗಾಜು ಕೂರಿಸಿದ ವಿಶಾಲವಾದ ಕಿಟಕಿ. ಗಿಂಜಾದಲ್ಲಿದ್ದ ಆ ಕಚೇರಿಯು 1945ರ ವಿಮಾನದಾಳಿಯಲ್ಲಿ ಸುಟ್ಟುಹೋದ ಮೇಲೆ, 1954ರವರೆಗೂ ಅವನ ಕಚೇರಿಯು ಈ ಮನೆಯಲ್ಲಿಯೇ ನಡೆಯಿತು. ಅವನು ರೂಪಿಸಿದ ಶಿಂಜುಕುವಿನ ಕಿನೊಕುನಿಯ ಪುಸ್ತಕದಂಗಡಿಯೂ, ಅದೂ ಮರದ್ದೇ, ಆ ಅವಧಿಯಲ್ಲೇ, 1947ರಲ್ಲಿ ಎದ್ದಿತು.