ಗಳಗಂಡವೂ ಸಾಕುನಾಯಿಯೂ

ದಾವಣಗೆರೆಯ ಪಿ.ಜೆ. ಬಡಾವಣೆಯ ಗೃಹಸ್ಥರೊಬ್ಬರು, ಮಿತಾಹಾರದಲ್ಲಿಯೂ ಸ್ಥೂಲವಾಗಿ ರೋಮ ಉದುರಿ ಜಡವಾದ ತಮ್ಮ ಮುದಿನಾಯಿಗೆ ಥೈರಾಯ್ಡ್ ದೋಷವೆಂದೆಣಿಸಿ ಕಡಲಪಾಚಿಯ ಪುಡಿಯನ್ನು ತಿನ್ನಿಸುತ್ತಿದ್ದರು. "ಇದು ಸುಶ್ರುತನು ಹೇಳಿದ ಗಳಗಂಡವೇ ಅಲ್ಲವೆ?" ಎಂದು ನಮ್ಮನ್ನು ಕೇಳಿದರು.

ಅಲ್ಲವೆಂದೇ ನಮ್ಮ ಅಭಿಪ್ರಾಯ. ವಾತ, ಕಫ, ಮೇದಸ್ಸುಗಳಿಂದ ಹುಟ್ಟುವುದೆಂದು ಸುಶ್ರುತನು ವಿಭಾಗಿಸಿದ ಗಳಗಂಡವು ಮನುಷ್ಯನ ಕೊರಳಿನಲ್ಲಿ ಕಣ್ಣಿಗೆ ಕಾಣುವ ಬಾವು. ನಾಯಿಯ ವ್ಯಾಧಿಯಲ್ಲಾದರೋ ಕೊರಳು ಉಬ್ಬುವುದು ವಿರಳ. ಬಹುಮಟ್ಟಿಗೆ ಗ್ರಂಥಿಯೇ ಕ್ಷಯಿಸಿರುತ್ತದೆ.

ಪೂರ್ವಿಕರಿಗೆ ನಾಯಿಯಲ್ಲಿ ಆದರವಿರಲಿಲ್ಲವೆಂದಲ್ಲ. ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟುದನ್ನು ಕ್ರಿ.ಶ. 949-50ರ ಆತಕೂರು ಶಾಸನವು ಹೇಳುತ್ತದೆ. ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಬೇಟೆನಾಯಿಗಳ ವರ್ಣನೆಯುಂಟು. ಕೀರ್ತಿವರ್ಮನ ಗೋವೈದ್ಯವು ಹೆಸರೇ ಹೇಳುವಂತೆ ಗೋವಿನದು. ಆದರೆ ಥೈರಾಕ್ಸಿನನ್ನು ಕೆಂಡಾಲನು ಬೇರ್ಪಡಿಸಿದುದೇ 1914ರಲ್ಲಿ. ಬೆಕ್ಕಿನ ಗ್ರಂಥಿಯು ಅತಿಯಾಗಿ ಸ್ರವಿಸುವ ರೋಗವು ವಿದ್ವಾಂಸರಿಂದ ವರ್ಣಿತವಾದುದು 1979ರಲ್ಲಿ. ಇಷ್ಟು ಈಚಿನ ಅರಿವನ್ನು ಪ್ರಾಚೀನರ ಮೇಲೆ ಹೊರಿಸಿ ಪುಡಿ ಮಾರುವವರ ಧೈರ್ಯವು ಆಶ್ಚರ್ಯಕರವೇ ಸರಿ!

ಕಡಲಪಾಚಿಯಲ್ಲಿ ಅಯೋಡಿನ್ ಇರುವುದು ನಿಜ. ಅದರ ಕೊರತೆಯಿಂದಾದ ಗಳಗಂಡಕ್ಕೆ ಅದು ಸಹಾಯಕ. ಕ್ಷಯಿಸಿದ ಗ್ರಂಥಿಯನ್ನು ಅದು ಮರಳಿ ಕಟ್ಟಲಾರದು. ಅಂತಹ ನಾಯಿಗೆ ಪಶುವೈದ್ಯರು ರಕ್ತವನ್ನು ಪರೀಕ್ಷಿಸಿ ಲೆವೊಥೈರಾಕ್ಸಿನನ್ನು ಕೊಡುವರು. ಗೃಹಸ್ಥರು ಈಗ ಪರೀಕ್ಷೆಗೆ ಒಪ್ಪಿದ್ದಾರೆ.