ಹಗುರ ಪುಸ್ತಕಗಳು ಮಾಡಿದ ಭಾರದ ಕೆಲಸ

ಕಾದಂಬರಿ ಓದಿ ಹುಡುಗಿ ಕೆಟ್ಟಳು, ಪತ್ತೇದಾರಿ ಓದಿ ಹುಡುಗ ಕೆಟ್ಟ ಎಂಬ ಹಿರಿಯರ ಆಕ್ಷೇಪ ಕೇಳಿಬರದ ಊರು ಕರ್ನಾಟಕದಲ್ಲಿ ಇರಲಾರದು. ಪಠ್ಯಪುಸ್ತಕದ ಒಳಗೆ ಕಾದಂಬರಿ ಬಚ್ಚಿಟ್ಟುಕೊಂಡು ಓದಿದ ತಲೆಮಾರು ಈಗ ಅಜ್ಜ ಅಜ್ಜಿಯರಾಗಿದೆ. ಪ್ರೇಮಕಥೆ, ರಹಸ್ಯ ಕಾದಂಬರಿ ಮತ್ತು ಹೊಲಿಗೆ, ಅಡುಗೆ, ರಂಗೋಲಿ ಕಲಿಸುವ ಕೈಪಿಡಿ ಈ ಮೂರನ್ನೂ ಪಂಡಿತರು 'ಹಗುರ ಓದು' ಎಂಬ ಒಂದೇ ಗಂಟಿನಲ್ಲಿ ಕಟ್ಟಿ ಮೂಲೆಗಿಟ್ಟರು. ಆದರೆ ಆ ಗಂಟನ್ನು ಬಿಚ್ಚಿ ಓದಿದವರ ಅಭಿಪ್ರಾಯವೇನು ಎಂದು ಕೇಳಿದವರು ಕಡಿಮೆ.

ಯಾದಗಿರಿ, ಶಹಾಪುರ, ಸುರಪುರದ ಮಟ್ಟಿಗೆ ಇದು ಬರೀ ಸಾಹಿತ್ಯದ ಚರ್ಚೆಯಲ್ಲ. ಗುಲಬರ್ಗಾ ಜಿಲ್ಲೆಯಲ್ಲಿದ್ದ ಈ ಮೂರು ತಾಲ್ಲೂಕುಗಳು 2009ರ ಕೊನೆಯಲ್ಲಿ ಯಾದಗಿರಿ ಎಂಬ ಪ್ರತ್ಯೇಕ ಜಿಲ್ಲೆಯಾದವು. 2011ರ ಜನಗಣತಿಯಲ್ಲಿ ಇಡೀ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಈ ಜಿಲ್ಲೆಯದು ಶೇ 51.83. ಹೆಣ್ಣುಮಕ್ಕಳದು ಶೇ 41.38 ಮಾತ್ರ. ರಾಜ್ಯದ ಪಟ್ಟಿಯಲ್ಲಿ ಅದು ಕೊನೆಯ ಸ್ಥಾನ. ಅಕ್ಷರ ಕಲಿತವರೂ ಓದದೇ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಅದನ್ನು ಮರೆಯುತ್ತಾರೆ. ಅಂಥ ನೆಲದಲ್ಲಿ ಯಾವ ಪುಸ್ತಕ ಜನರನ್ನು ಓದಿನಲ್ಲಿ ಹಿಡಿದಿಡುತ್ತದೆ ಎಂಬ ಪ್ರಶ್ನೆಗೆ ಬೇರೆಯೇ ತೂಕವಿದೆ.

ಹಳೆಯ ಬೇರು

ಈ ಮೂರು ಬಗೆಯ ಪುಸ್ತಕಗಳು ಇಂಗ್ಲಿಷರ ಜೊತೆ ಬಂದವು ಎಂಬ ಭಾವನೆ ಇದೆ. ಅದು ಪೂರ್ತಿ ನಿಜವಲ್ಲ. ಕಲ್ಯಾಣದ ಚಾಲುಕ್ಯ ಅರಸ ಎರಡನೇ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಎರಡನೇ ಚಾವುಂಡರಾಯ 'ಲೋಕೋಪಕಾರ' ಎಂಬ ಗ್ರಂಥ ಬರೆದ. ನೆಲದಡಿಯ ನೀರು ಪತ್ತೆ ಮಾಡುವುದು, ಗಿಡಮರಗಳ ಆರೈಕೆ, ಸುಗಂಧ ದ್ರವ್ಯ ತಯಾರಿಕೆ, ಅಡುಗೆ ಹೀಗೆ ಸಂಸಾರಸ್ಥನಿಗೆ ಬೇಕಾದ ನಾನಾ ವಿಷಯಗಳನ್ನು ಅದು ಕಲಿಸುತ್ತದೆ. ಇಂದಿನ ಕೈಪಿಡಿಗಳು ಮಾಡುವ ಕೆಲಸವನ್ನೇ ಸಾವಿರ ವರ್ಷದ ಹಿಂದೆ ಅದು ಪದ್ಯದಲ್ಲಿ ಮಾಡಿತು. 12ನೇ ಶತಮಾನದ ನೇಮಿಚಂದ್ರನ 'ಲೀಲಾವತಿ'ಯಂತೂ ಕನಸಿನಲ್ಲಿ ಕಂಡವರನ್ನು ಹುಡುಕಿ ಹೊರಡುವ ಪ್ರೇಮಿಗಳ ಕಥೆ.

ಇನ್ನೂ ಹತ್ತಿರದ ಉದಾಹರಣೆ ಲಕ್ಷ್ಮೀಶನ 'ಜೈಮಿನಿ ಭಾರತ'. ಕವಿಯ ಊರು ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕಡೂರು ತಾಲ್ಲೂಕಿನ ದೇವನೂರು ಎಂದು ಹಲವರು, ಸುರಪುರ ಬಳಿಯ ದೇವಾಪುರ ಎಂದು ಮತ್ತೆ ಕೆಲವರು ಹೇಳುತ್ತಾರೆ. ಆತನ ಚಂದ್ರಹಾಸನ ಕಥೆಯಲ್ಲಿ ಒಂದು ಓಲೆ ಇದೆ. ತಂದವನಿಗೆ ವಿಷ ಕೊಡಬೇಕೆಂಬ ಮಂತ್ರಿಯ ಆಜ್ಞೆ ಅದರಲ್ಲಿದೆ. ಓಲೆ ತಂದ ಹುಡುಗ ಉದ್ಯಾನದಲ್ಲಿ ಮಲಗಿ ನಿದ್ದೆಹೋದಾಗ ಮಂತ್ರಿಯ ಮಗಳು ಅದನ್ನು ಓದಿ, 'ವಿಷ'ವನ್ನು ತನ್ನ ಹೆಸರಾದ 'ವಿಷಯೆ' ಎಂದು ತಿದ್ದುತ್ತಾಳೆ. ಸಾಯಬೇಕಾದವನು ಮದುಮಗನಾಗುತ್ತಾನೆ. ಪ್ರೇಮವೂ ರಹಸ್ಯವೂ ಒಂದೇ ಅಕ್ಷರದ ಮೇಲೆ ನಿಂತ ಈ ಪ್ರಸಂಗವನ್ನು ಹಳ್ಳಿಯ ಜನ ವಾಚನದಲ್ಲಿ, ಬಯಲಾಟದಲ್ಲಿ ಮತ್ತೆ ಮತ್ತೆ ಕೇಳಿದರು, ನೋಡಿದರು. ಅದನ್ನು ಹಗುರವೆಂದು ಯಾರೂ ಜರೆಯಲಿಲ್ಲ.

ಸುರಪುರದ ಟೇಲರ್ ಸಾಹೇಬ

ಸುರಪುರಕ್ಕೆ ಮತ್ತೊಂದು ವಿಶೇಷ ನಂಟಿದೆ. 1841ರಲ್ಲಿ ಇಲ್ಲಿಗೆ ಬಂದು, ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಬರೀ ಅಧಿಕಾರಿಯಲ್ಲ, ತನ್ನ ಕಾಲದ ಜನಪ್ರಿಯ ಕಾದಂಬರಿಕಾರ. 1839ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಆತನ 'ಕನ್ಫೆಷನ್ಸ್ ಆಫ್ ಎ ಥಗ್' ದಾರಿಹೋಕರನ್ನು ಕೊಂದು ದೋಚುತ್ತಿದ್ದ ಥಗ್ಗರಲ್ಲೊಬ್ಬ, ಅಮೀರ್ ಅಲಿ, ತಾನೇ ಹೇಳಿಕೊಳ್ಳುವ ತಪ್ಪೊಪ್ಪಿಗೆಯ ರೂಪದಲ್ಲಿದೆ. ಮುಂದೇನಾಯಿತೆಂದು ತಿಳಿಯುವ ಆತುರದಲ್ಲಿ ವಿಕ್ಟೋರಿಯಾ ರಾಣಿಯೇ ಅಚ್ಚಿನ ಹಾಳೆಗಳನ್ನು ತರಿಸಿಕೊಂಡು ಓದಿದಳೆಂಬ ಮಾತು ಪ್ರಸಿದ್ಧ. ಗುಡ್ಡದ ಮೇಲಿನ ಅವನ ಬಂಗಲೆಯನ್ನು ಜನ ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತಾರೆ.

ವಿಪರ್ಯಾಸವೆಂದರೆ, ಇಂಗ್ಲೆಂಡಿನ ಓದುಗರು ಈ ನಾಡಿನ ದಾರಿಗಳ ಭಯಾನಕ ಕಥೆಯನ್ನು ಮುಗಿಬಿದ್ದು ಓದುತ್ತಿದ್ದಾಗ ಈ ನಾಡಿನವರಿಗೆ ತಮ್ಮ ಭಾಷೆಯಲ್ಲಿ ಓದಲು ಒಂದು ಕಾದಂಬರಿಯೂ ಇರಲಿಲ್ಲ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂದದ್ದು 1899ರಲ್ಲಿ. ಬಂಗಾಳಿಯಿಂದ ಬಿ. ವೆಂಕಟಾಚಾರ್ಯರು ತಂದ ಕಾದಂಬರಿಗಳು, ಗಳಗನಾಥರ ಐತಿಹಾಸಿಕ ಕಾದಂಬರಿಗಳು ಕನ್ನಡಿಗರಿಗೆ ಓದಿನ ರುಚಿ ಹತ್ತಿಸಿದವು. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕೂಡಿಸಿ ಪುಸ್ತಕ ಹೊರತಂದಿತು.

ನಿಜಾಮರ ಆಡಳಿತದಲ್ಲಿದ್ದ ಈ ಭಾಗಕ್ಕೆ ಆ ಗಾಳಿ ತಡವಾಗಿ ಬೀಸಿತು. ಇಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಆಡುವವನು ನೌಕರಿಗಾಗಿ ಉರ್ದು ಓದಬೇಕಿತ್ತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದ ಒಕ್ಕೂಟಕ್ಕೆ ಸೇರಿದ ಮೇಲೆ, 1956ರ ನವೆಂಬರ್ 1ರಂದು ಗುಲಬರ್ಗಾ ಮೈಸೂರು ರಾಜ್ಯದ ಭಾಗವಾದ ಮೇಲೆ ಇಲ್ಲಿ ಕನ್ನಡ ಶಾಲೆಗಳು ಹೆಚ್ಚಿದವು. ಆ ಶಾಲೆಗಳಿಂದ ಹೊರಬಂದ ಮೊದಲ ತಲೆಮಾರಿನ ಓದುಗರಿಗೆ ಆಗ ಸುಲಭವಾಗಿ ದಕ್ಕುತ್ತಿದ್ದದ್ದು ವಾರಪತ್ರಿಕೆಯ ಧಾರಾವಾಹಿ ಮತ್ತು ಅಗ್ಗದ ಕಾದಂಬರಿ.

ಮೂರು ಭಾಷೆಯ ಪತ್ತೇದಾರರು

ಆ ಹೊತ್ತಿಗೆ ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಗಳ ಸುಗ್ಗಿ. ಹೆಚ್ಚಿನ ಶಾಲಾ ಶಿಕ್ಷಣವಿಲ್ಲದ ಎನ್. ನರಸಿಂಹಯ್ಯ ನೂರಾರು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮ ಮನೆಮಾತಾದ. ಕನ್ನಡ ಬಾವುಟವನ್ನು ರೂಪಿಸಿದ ಹೋರಾಟಗಾರ ಮ. ರಾಮಮೂರ್ತಿ ಕೂಡ ಪತ್ತೇದಾರಿ ಕಾದಂಬರಿಕಾರರೇ. ಕನ್ನಡಕ್ಕಾಗಿ ಬೀದಿಗಿಳಿದವರು ಕನ್ನಡ ಓದಿಸಲು ಈ ಪ್ರಕಾರವನ್ನು ಕೀಳೆಂದು ಕಾಣಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಯಾದಗಿರಿ ಸೀಮೆ ಮೂರು ಭಾಷೆಗಳ ನೆಲ. ಉರ್ದು ಬಲ್ಲವರಿಗೆ 1952ರಿಂದ ಬರತೊಡಗಿದ ಇಬ್ನೆ ಸಫಿಯ 'ಜಾಸೂಸಿ ದುನಿಯಾ' ಮಾಲೆ ಇತ್ತು. ಗುರುಮಠಕಲ್ ಕಡೆ ತೆಲುಗು ಬಲ್ಲವರಿಗೆ ಆ ಭಾಷೆಯ ಜನಪ್ರಿಯ ಕಾದಂಬರಿಗಳಿದ್ದವು. ಮುಂದೆ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಮೊದಲಾದ ತೆಲುಗು ಕಾದಂಬರಿಗಳು ಕನ್ನಡಕ್ಕೆ ಬಂದು ಇಡೀ ರಾಜ್ಯವನ್ನೇ ಸೆಳೆದವು. ಮಾಟ ಮಂತ್ರದ ಭಯವನ್ನು ಹಬ್ಬಿಸುತ್ತವೆ ಎಂಬ ಟೀಕೆಯೂ ಅವುಗಳ ಬೆನ್ನಿಗೇ ಬಂತು.

ಸಾಮಾನ್ಯ ಓದುಗ ತನ್ನ ಅಭಿಪ್ರಾಯವನ್ನು ವಿಮರ್ಶೆ ಬರೆದು ಹೇಳುವುದಿಲ್ಲ. ಪತ್ರಿಕೆಗೆ ಹಾಕುವ ಕಾರ್ಡಿನಲ್ಲಿ, ಕಟ್ಟುವ ಚಂದಾದಲ್ಲಿ, ಗ್ರಂಥಾಲಯದ ಪುಸ್ತಕದ ಸವೆದ ಅಂಚಿನಲ್ಲಿ ಅದು ಕಾಣುತ್ತದೆ. 1893ರಲ್ಲಿ ಆರ್ಥರ್ ಕಾನನ್ ಡಾಯ್ಲ್ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಕಥೆಯಲ್ಲಿ ಸಾಯಿಸಿದಾಗ ಓದುಗರು ಸಿಟ್ಟಿಗೆದ್ದು ಪತ್ರ ಬರೆದರು, ಪತ್ರಿಕೆಯ ಚಂದಾ ನಿಲ್ಲಿಸಿದರು. ಹತ್ತು ವರ್ಷದ ನಂತರ, 1903ರಲ್ಲಿ, ಲೇಖಕ ಅವನನ್ನು ಬದುಕಿಸಲೇಬೇಕಾಯಿತು.

ಅಡುಗೆಮನೆಯ ಓದು

ಪ್ರೇಮ ಮತ್ತು ಸಂಸಾರದ ಕಾದಂಬರಿಗಳಿಗೆ ದಕ್ಕಿದ ತಿರಸ್ಕಾರ ಇನ್ನೂ ಹೆಚ್ಚು. ಹೆಂಗಸರು ಬರೆದು ಹೆಂಗಸರು ಓದಿದ್ದಕ್ಕೆ 'ಅಡುಗೆಮನೆ ಸಾಹಿತ್ಯ' ಎಂಬ ಹೆಸರೇ ಬಿತ್ತು. ಹಾಗೆ ಅಂದವರು ಓದಿದ್ದರೋ ಇಲ್ಲವೋ, ತ್ರಿವೇಣಿಯವರ (1928-1963) 'ಶರಪಂಜರ' ಮಾನಸಿಕ ಕಾಯಿಲೆಯಿಂದ ಗುಣವಾಗಿ ಬಂದ ಹೆಣ್ಣನ್ನು ಮನೆಯವರೇ ನಂಬದಿರುವ ಕಥೆ. ಹುಚ್ಚು ಎಂದರೆ ದೆವ್ವ ಎಂದು ತಿಳಿದಿದ್ದ ಕಾಲದಲ್ಲಿ ಅದು ಕಾಯಿಲೆ ಎಂದು ಸಾವಿರಾರು ಮನೆಗಳಿಗೆ ಹೇಳಿದ್ದು ಈ 'ಹಗುರ' ಪುಸ್ತಕ. ನಲವತ್ತು ದಾಟಿದ ಮೇಲೆ ಕಾದಂಬರಿ ಬರೆಯತೊಡಗಿದ ಎಂ.ಕೆ. ಇಂದಿರಾ 'ಫಣಿಯಮ್ಮ'ನಲ್ಲಿ ಬಾಲವಿಧವೆಯ ಬದುಕನ್ನು ತೆರೆದಿಟ್ಟರು.

ಅಮೆರಿಕದ ಜಾನಿಸ್ ರಾಡ್ವೇ ಎಂಬ ವಿದ್ವಾಂಸೆ ಅಲ್ಲಿನ ಒಂದು ಪಟ್ಟಣದ ಗೃಹಿಣಿಯರನ್ನು ಮಾತನಾಡಿಸಿ 1984ರಲ್ಲಿ ಪುಸ್ತಕ ಬರೆದರು. ಪ್ರೇಮ ಕಾದಂಬರಿಗಳನ್ನು ಏಕೆ ಓದುತ್ತೀರಿ ಎಂಬ ಪ್ರಶ್ನೆಗೆ ಆ ಹೆಣ್ಣುಮಕ್ಕಳು ಕಥೆಗಿಂತ ಮೊದಲು ಓದುವ ಹೊತ್ತಿನ ಬಗ್ಗೆ ಮಾತಾಡಿದರು. ಗಂಡ, ಮಕ್ಕಳು, ಮನೆಗೆಲಸ ಯಾವುದೂ ಕೇಳದ ಆ ಹೊತ್ತು ತಮ್ಮದು ಎಂಬುದು ಅವರ ಉತ್ತರದ ಸಾರ. ನೀರು ತಂದು, ರೊಟ್ಟಿ ಬಡಿದು, ಎಲ್ಲರೂ ಉಂಡ ಮೇಲೆ ದೀಪದ ಬುಡದಲ್ಲಿ ಪುಸ್ತಕ ಹಿಡಿದು ಕೂತ ಇಲ್ಲಿನ ಹೆಣ್ಣುಮಕ್ಕಳಿಗೂ ಆ ಮಾತು ಸಲ್ಲುತ್ತದೆ.

ಆಕ್ಷೇಪದಲ್ಲಿಯೂ ಹುರುಳಿದೆ

ಹಾಗೆಂದು ಟೀಕೆಯೆಲ್ಲ ಸುಳ್ಳಲ್ಲ. 1950ರ ಆಸುಪಾಸಿನಲ್ಲಿ ಅ.ನ. ಕೃಷ್ಣರಾಯರ 'ನಗ್ನಸತ್ಯ', 'ಶನಿಸಂತಾನ' ಮುಂತಾದ ಕಾದಂಬರಿಗಳ ಮೇಲೆ ಅಶ್ಲೀಲತೆಯ ಆರೋಪ ಬಂದು ದೊಡ್ಡ ವಿವಾದವಾಯಿತು. ಅದಕ್ಕೆ ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರಿಸಿದರು. ಜನಪ್ರಿಯ ಕಾದಂಬರಿಗಳು ಒಂದೇ ಅಚ್ಚಿನಲ್ಲಿ ಎರಕಹೊಯ್ದಂತಿರುತ್ತವೆ ಎಂಬ ದೂರಿನಲ್ಲೂ ಸತ್ಯವಿದೆ.

ಈ ಭಾಗದ ಓದುಗರ ಮಟ್ಟಿಗೆ ಇದಕ್ಕಿಂತ ದೊಡ್ಡ ಕೊರತೆ ಒಂದಿತ್ತು. ಆ ಕಾದಂಬರಿಗಳಲ್ಲಿ ಹೆಚ್ಚಿನವುಗಳ ಮನೆ ಮೈಸೂರಿನದೋ ಬೆಂಗಳೂರಿನದೋ. ನಾಯಕ ನೌಕರಿಯಲ್ಲಿದ್ದಾನೆ, ನಾಯಕಿ ಕಾಲೇಜಿಗೆ ಹೋಗುತ್ತಾಳೆ, ಬೆಳಿಗ್ಗೆ ಎದ್ದರೆ ಕಾಫಿ. ಹತ್ತಿ ಬಿಡಿಸುವ, ತೊಗರಿ ಹೊಲದಲ್ಲಿ ಕಳೆ ತೆಗೆಯುವ, ಬರ ಬಂದರೆ ದುಡಿಯಲು ದೂರದ ನಗರಕ್ಕೆ ಗುಳೆ ಹೋಗುವ ಹೆಣ್ಣು ಅಲ್ಲಿ ಕಾಣುವುದೇ ಅಪರೂಪ. ಆ ಕೊರತೆ ತುಂಬಿದವರಲ್ಲಿ ಗುಲಬರ್ಗಾ ಸೀಮೆಯವರೇ ಆದ ಗೀತಾ ನಾಗಭೂಷಣ (1942-2020) ಮುಖ್ಯರು. ಇಲ್ಲಿನ ಆಡುಮಾತಿನಲ್ಲೇ ಬರೆದ ಅವರ 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂಥ ಕಾದಂಬರಿ ಓದಬಲ್ಲ ಜನ ಇಲ್ಲಿ ಸಿದ್ಧರಾಗಿದ್ದರೆ ಅದಕ್ಕೆ ಮೊದಲು ಕೈಗೆ ಸಿಕ್ಕ ಧಾರಾವಾಹಿಗಳ, ಪತ್ತೇದಾರಿಗಳ ಪಾಲೂ ಇದೆ.

ಕೈಪಿಡಿಯ ಪರೀಕ್ಷೆ

ಕೈಪಿಡಿಗಳ ಬಗ್ಗೆ ಓದುಗರ ತೀರ್ಮಾನ ಇನ್ನೂ ನೇರ. ಜಾತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ ಪಂಚಾಂಗ, ಭಜನೆ ಪುಸ್ತಕಗಳ ಪಕ್ಕದಲ್ಲೇ ರಂಗೋಲಿ, ಕಸೂತಿ, ಹೊಲಿಗೆ, ಅಡುಗೆ ಪುಸ್ತಕಗಳು ಮಾರಾಟವಾಗುತ್ತಾ ಬಂದಿವೆ. ಅಳತೆ ತಪ್ಪಿದ್ದರೆ ಕುಪ್ಪಸ ಮೈಗೆ ಕೂಡುವುದಿಲ್ಲ, ಪಾಕ ತಪ್ಪಿದ್ದರೆ ಉಂಡಿ ಕಟ್ಟಲು ಬರುವುದಿಲ್ಲ. ಇಂಥ ಪುಸ್ತಕಕ್ಕೆ ಬೇರೆ ವಿಮರ್ಶಕ ಬೇಕಿಲ್ಲ. ಹವ್ಯಾಸವೆಂದು ಹಿಡಿದ ಪುಸ್ತಕ ಹೊಲಿಗೆ ಯಂತ್ರ ಇದ್ದ ಮನೆಯಲ್ಲಿ ನಾಲ್ಕು ಕಾಸು ಸಂಪಾದನೆಯ ದಾರಿಯೂ ಆಗಬಲ್ಲದು. ಓದು ಹೊಟ್ಟೆಗೆ ಹಾಕುತ್ತದೆಯೇ ಎಂಬ ಹಳೆಯ ಪ್ರಶ್ನೆಗೆ ಹೌದು ಎಂದು ಉತ್ತರಿಸಬಲ್ಲ ಪುಸ್ತಕಗಳು ಇವು.

ಯಾರನ್ನು ಕೇಳಬೇಕು?

ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಜನರು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ಸೇರಿರುತ್ತದೆ. ಪುಸ್ತಕಗಳ ಸಗಟು ಖರೀದಿ ನಡೆಯುವುದು ರಾಜಧಾನಿಯ ಆಯ್ಕೆ ಸಮಿತಿಯ ಮೂಲಕ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರ ಮಕ್ಕಳ ದಿನಾಚರಣೆಯಂದು ಮಕ್ಕಳಿಗಾಗಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾಯಿತು. ಇವು ಒಳ್ಳೆಯ ಹೆಜ್ಜೆಗಳು. ಆದರೆ ಕಪಾಟಿಗೆ ಯಾವ ಪುಸ್ತಕ ಬರಬೇಕೆಂದು ಕರ ಕಟ್ಟುವ ಓದುಗನನ್ನೇ ಕೇಳುವ ಪದ್ಧತಿ ಇನ್ನೂ ಬೇರೂರಬೇಕಾಗಿದೆ.

ಧಾರಾವಾಹಿ ಈಗ ಟಿ.ವಿ.ಗೆ ಹೋಗಿದೆ, ಅಡುಗೆ ಮತ್ತು ಹೊಲಿಗೆ ಮೊಬೈಲಿಗೆ ಬಂದಿವೆ. ನೋಡಲು ಅಕ್ಷರ ಬೇಕಿಲ್ಲ, ಆದ್ದರಿಂದ ಅಕ್ಷರ ಮರೆಯುವ ಅಪಾಯ ಮೊದಲಿಗಿಂತ ಹೆಚ್ಚು. ಹೆಣ್ಣುಮಕ್ಕಳಲ್ಲಿ ಅರ್ಧಕ್ಕೂ ಕಡಿಮೆ ಜನ ಓದಬಲ್ಲವರಿದ್ದರೆಂದು ಜನಗಣತಿ ಹೇಳಿದ ಜಿಲ್ಲೆಯಲ್ಲಿ ಶಹಾಪುರದ ಹುಡುಗಿಯೊಬ್ಬಳು ಪ್ರೇಮಕಥೆಯನ್ನೋ ಪತ್ತೇದಾರಿಯನ್ನೋ ಕೇಳಿಕೊಂಡು ಗ್ರಂಥಾಲಯಕ್ಕೆ ಬಂದರೆ ಅವಳನ್ನು ಬರಿಗೈಯಲ್ಲಿ ಕಳಿಸಬಾರದು. ಮುಂದೆ ಅವಳು ಏನು ಓದಬೇಕೆಂಬುದನ್ನು ಅವಳೇ ತೀರ್ಮಾನಿಸಿಕೊಳ್ಳುತ್ತಾಳೆ. ಅದಕ್ಕೆ ಮೊದಲು ಅವಳು ಓದುತ್ತಿರಬೇಕು.